ಹಳದಿ ಚೀಟಿ

ಸೀಲನ್ನು ಒರೆಸಿ ಕೊಡಬೇಕೋ ಹಾಗೇ ಕೊಡಬೇಕೋ ಎಂದು ನಂಜುಂಡೇಶನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಅವನ ಅಂಗಿಯ ಜೇಬಿನಲ್ಲಿದ್ದ ಸೀಲು. ಮರದ ಹಿಡಿ ಸವೆದು ಅವನ ಬೆರಳಿನ ಆಕಾರಕ್ಕೆ ಬಂದಿತ್ತು. ಕೊನೆಗೆ ಕರ್ಚೀಫಿನಿಂದ ಒರೆಸಿಯೇ ಮ್ಯಾನೇಜರ್ ಕಾಂತರಾಜರ ಮೇಜಿನ ಮೇಲಿಟ್ಟ.

“ಬೇಜಾರ್ ಮಾಡ್ಕೋಬೇಡಿ ಕಣ್ರೀ,” ಎಂದರು ಕಾಂತರಾಜ್. “ಆಡಿಟ್‌ನೋರು ಬರ್ದು ಕೊಟ್‌ಬುಟ್ಟವ್ರೆ. ಡಿಪ್ಲೊಮಾ ಇಲ್ದೋರ ಕೈಲಿ ಸೀಲ್ ಇರಂಗಿಲ್ವಂತೆ. ನಿಮ್ದು ಐಟಿಐ. ನಾನೇನ್ ಮಾಡ್ಲಿ, ನೀವೇ ಹೇಳಿ.”

ಕಾಂತರಾಜ್ ಒಂದು ಆದೇಶದ ಹಾಳೆ ಕೊಟ್ಟರು. ಇನ್ನು ಮೇಲೆ ಅವನು ಪೇಪರುಗಳನ್ನು ಜೋಡಿಸಿ ಕೊಡಬೇಕು, ಕೊಯ್ಯುವ ಯಂತ್ರ ನೋಡಿಕೊಳ್ಳಬೇಕು. ಯಾವ ಭಾಗಕ್ಕೆ ಎಷ್ಟು ಆಯಸ್ಸು ಉಳಿದಿದೆ ಎಂಬ ಲೆಕ್ಕ ನೋಡುವ ಅಧಿಕಾರ ಅವನಿಗಿಲ್ಲ. ಅದನ್ನು ವಸಂತ್ ನೋಡುತ್ತಾನೆ. ವಸಂತನಿಗೆ ಇಪ್ಪತ್ತಾರು ವರ್ಷ, ಎಚ್.ಡಿ. ಕೋಟೆ ಕಡೆಯವನು, ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕ, ಹೊಗೆಸೊಪ್ಪಿನ ಹೊಲಗಳ ನಡುವೆ, ತಗಡಿನ ಮಾಡಿನ ‘ಲಕ್ಷ್ಮಣತೀರ್ಥ ಏರೋ’ ಇತ್ತು. ಒಳಗೆ ಏನು ನಡೆಯುತ್ತದೆ ಎಂದು ಸುತ್ತಲ ಊರಿನವರಿಗೆ ಗೊತ್ತಿರಲಿಲ್ಲ. ಪ್ರಯಾಣಿಕರ ವಿಮಾನಗಳ ಎಂಜಿನ್ ಬಿಚ್ಚಿದಾಗ ಅದರ ಭಾಗಗಳು ಇಲ್ಲಿಗೆ ಬರುತ್ತಿದ್ದವು. ಯಾವುದು ಇನ್ನೂ ಹಾರಬಹುದು, ಯಾವುದು ಹಾರಬಾರದು ಎಂದು ಇಲ್ಲಿ ವಿಂಗಡಿಸುತ್ತಿದ್ದರು. ಹಾರಬಹುದಾದದ್ದಕ್ಕೆ ಹಳದಿ ಚೀಟಿ. ಹಾರಬಾರದ್ದಕ್ಕೆ ಕೆಂಪು ಚೀಟಿ, ಆಮೇಲೆ ಕೊಯ್ಯುವ ಯಂತ್ರ. ಯಾವ ಚೀಟಿಯೇ ಆಗಲಿ, ಸೀಲು ಬೀಳದೆ ಅದು ಬರೀ ರಟ್ಟು.

ಎಲ್ಲಕ್ಕಿಂತ ಗೌರವದ ಭಾಗವೆಂದರೆ ಡಿಸ್ಕು. ಎಂಜಿನ್ನಿನ ಬೆಂಕಿಯ ಹಿಂದೆ, ಸುತ್ತಲೂ ಬ್ಲೇಡುಗಳನ್ನು ಹಿಡಿದುಕೊಂಡು, ನಿಮಿಷಕ್ಕೆ ಹತ್ತು ಸಾವಿರ ಸಲಕ್ಕೂ ಹೆಚ್ಚು ಸುತ್ತುವ ಚಕ್ರ. ಹೊಸಬರಿಗೆ ನಂಜುಂಡೇಶ ಇದನ್ನು ಹೇಳಿಕೊಡುತ್ತಿದ್ದ. ಎಂಜಿನ್ನಿಗೆ ಮೊದಲು ಸರ್ಟಿಫಿಕೇಟ್ ಕೊಡುವಾಗ ಬೇಕೆಂದೇ ಒಂದು ಬ್ಲೇಡ್ ಮುರಿದು ನೋಡುತ್ತಾರೆ. ಹೊರಗಿನ ಕವಚ ಆ ಚೂರನ್ನು ತಡೆಯಬೇಕು. ಆದರೆ ಡಿಸ್ಕೇ ಒಡೆದರೆ ತಡೆಯುವ ಕವಚವನ್ನು ಯಾರೂ ಮಾಡಿಲ್ಲ. ಅದು ಕವಚ ಸೀಳುತ್ತದೆ, ರೆಕ್ಕೆ ಸೀಳುತ್ತದೆ, ಕೂತ ಜನರನ್ನೂ ಸೀಳುತ್ತದೆ. ಆದ್ದರಿಂದ ಅದು ಒಡೆಯುವ ತನಕ ಕಾಯುವಂತಿಲ್ಲ. ಒಂದು ಸಲ ಏರಿ ಇಳಿದರೆ ಒಂದು ಸೈಕಲ್. ಈ ಜಾತಿಯ ಡಿಸ್ಕಿಗೆ ಹದಿನೈದು ಸಾವಿರ ಸೈಕಲ್. ಅಷ್ಟಾದ ಮೇಲೆ, ಒಂದು ಕೂದಲೆಳೆ ಬಿರುಕು ಇಲ್ಲದಿದ್ದರೂ, ಮದುಮಗನ ಉಂಗುರದ ಹಾಗೆ ಹೊಳೆಯುತ್ತಿದ್ದರೂ, ಕೊಯ್ಯಬೇಕು.

“ವಿಮಾನಕ್ಕೂ ಸೈಕಲ್ಲೇನ್ರೀ?” ಎಂದು ಕಸ ಗುಡಿಸುವ ತಿಮ್ಮಮ್ಮ ಮೊದಲ ದಿನ ಕೇಳಿದ್ದಳು. “ನಮ್ಮನೇ ಸೈಕಲ್ಲು ಮೂವತ್ತೊರ್ಸದಿಂದ ಓಡ್ತಾ ಐತೆ, ಯಾರೂ ಕುಯ್ದಿಲ್ಲ ಬುಡಿ.”

ಗಟ್ಟಿಯಾಗಿರುವುದನ್ನು ಕೊಯ್ಯುವುದು ನಂಜುಂಡೇಶನಿಗೂ ಮೊದಮೊದಲು ಕಷ್ಟವಾಗಿತ್ತು. ಹಾರನಹಳ್ಳಿಯ ಅವರ ಮನೆಯಲ್ಲಿ ದುಡಿದ ಎತ್ತು ಸತ್ತರೆ, ಅವನ ಅಪ್ಪ ಚನ್ನಬಸವಣ್ಣ ಹೂಳುವ ಮುಂಚೆ ಅದರ ಹಣೆಗೆ ಎಣ್ಣೆ ಅರಿಶಿನ ಹಚ್ಚುತ್ತಿದ್ದರು. ಆ ರೂಢಿಯೇ ಅವನ ಕೈಗೂ ಬಂತು. ಕೊಯ್ಯುವ ಯಂತ್ರದ ಮೇಲಿನ ಗಣಪತಿ ಪಟದ ಮುಂದೆ ತಿಮ್ಮಮ್ಮ ದೀಪ ಹಚ್ಚಿ ಅರಿಶಿನದ ಬಟ್ಟಲು ಇಡುತ್ತಿದ್ದಳು. ಡಿಸ್ಕಿನ ಆಯಸ್ಸು ಮುಗಿದಿದೆ ಎಂದು ಲೆಕ್ಕದಲ್ಲಿ ಕಂಡ ಕೂಡಲೇ ನಂಜುಂಡೇಶ ಹೆಬ್ಬೆಟ್ಟನ್ನು ದೀಪದ ಎಣ್ಣೆಗೆ ಅದ್ದಿ, ಅರಿಶಿನಕ್ಕೆ ಒತ್ತಿ, ಡಿಸ್ಕಿನ ನಡುತೂತಿನ ಒಳಮೈಗೆ ಒಂದು ಬೊಟ್ಟು ಇಡುತ್ತಿದ್ದ. ಒಳಮೈಗೆ ಏಕೆಂದರೆ, ಹೊರಗಿಟ್ಟರೆ ಕಾಂತರಾಜ್ ಬಯ್ಯುತ್ತಿದ್ದರು.

“ಕಬ್ಬಿಣಕ್ಕೂ ಮುತ್ತೈದೆ ಸಾವು ಕೊಡ್ತೀರಲ್ಲ ನಂಜುಂಡಪ್ನೋರೇ,” ಎಂದು ತಿಮ್ಮಮ್ಮ ನಗುತ್ತಿದ್ದಳು.

ಈಗ ಅವನ ಮಿತಿಯೂ ಮುಗಿದಿತ್ತು. ಒಂದು ಕೂದಲೆಳೆ ಬಿರುಕಿಲ್ಲ, ಇಪ್ಪತ್ತೆರಡು ವರ್ಷದಲ್ಲಿ ಒಂದು ತಪ್ಪು ಚೀಟಿ ಹೋಗಿಲ್ಲ. ಊರಿನಲ್ಲಿ ಅವನನ್ನು ಸೀಲು ನಂಜುಂಡಪ್ಪ ಎನ್ನುತ್ತಿದ್ದರು. ಬದುಕೆಲ್ಲ ಹೆಬ್ಬೆಟ್ಟು ಒತ್ತಿಯೇ ಕಳೆದ ಅಪ್ಪನ ಮಗ ಸೀಲು ಒತ್ತುವವನಾದ ಎಂಬ ಮಾತು ಮದುವೆ ಮನೆಗಳಲ್ಲಿ ಅವನ ಬೆನ್ನ ಹಿಂದೆ ಕೇಳಿಸುತ್ತಿತ್ತು. ಸೀಲು ಹೋದ ಸುದ್ದಿಯನ್ನು ಅವನು ಹೆಂಡತಿ ಪುಟ್ಟಿಗೂ ಹೇಳಲಿಲ್ಲ. ಖಾಲಿ ಜೇಬಿನಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟುಕೊಂಡು ಹೋಗಿ ಬಂದು ಮಾಡುತ್ತಿದ್ದ. ಅಂಗಿ ಒಗೆಯುವ ಪುಟ್ಟಿ, “ಬೀಡಿ ಕಲ್ತ್ರಾ ಈ ವಯ್ಸಲ್ಲಿ?” ಎಂದು ಕೇಳಿದಾಗ ಹೌದು ಎಂದ.

ವಸಂತ್ ಕೆಟ್ಟವನಾಗಿದ್ದರೆ ಸುಲಭವಿತ್ತು. ಅವನು ಕೆಟ್ಟವನಲ್ಲ. ನಂಜುಂಡೇಶ ಪೇಪರ್ ತಂದರೆ ಕುರ್ಚಿ ಬಿಟ್ಟು ಏಳುತ್ತಿದ್ದ. ಮೊದಲ ವಾರ ಒಂದೊಂದು ಅಂಕಿಗೂ ಬೆರಳಿಟ್ಟು ನೋಡಿದ. ಎರಡನೇ ವಾರ ಕೊನೆಯ ಹಾಳೆಯ ಮೊತ್ತ ಮಾತ್ರ ನೋಡಿದ. ತಿಂಗಳು ಕಳೆಯುವಷ್ಟರಲ್ಲಿ, “ನೀವು ಜೋಡ್ಸಿದ್ಮೇಲೆ ನಾನೇನ್ ನೋಡದು ಬುಡಣ್ಣ, ಕೊಡಿ ಇಲ್ಲಿ,” ಎಂದು ಕೊನೆಯ ಹಾಳೆ ತಿರುವಿ, ಮೊತ್ತವನ್ನು ಚೀಟಿಗೆ ಇಳಿಸಿ, ಸೀಲು ಒತ್ತುತ್ತಿದ್ದ.

ಆ ಸದ್ದು ಕೇಳಿದಾಗಲೆಲ್ಲ ನಂಜುಂಡೇಶನ ಎಡಎದೆಯ ಜೇಬು ಹಗುರವಾಗುತ್ತಿತ್ತು. ತಾನು ಒಂದು ಸೀಲಿಗೆ ಅರ್ಧ ದಿನ ಕೂರುತ್ತಿದ್ದೆ. ಇವನಿಗೆ ಅರ್ಧ ನಿಮಿಷ ಸಾಕು. ಡಿಪ್ಲೊಮಾ ಅಂದರೆ ಇದೇ.

ಜೂನ್ ತಿಂಗಳ ಒಂದು ಸೋಮವಾರ ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕು ಬಂದವು. ಒಂದೇ ಜಾತಿ, ಒಂದೇ ಕಾರ್ಖಾನೆ. ಅಂಚಿನಲ್ಲಿ ಕೆತ್ತಿದ ನಂಬರುಗಳೂ ಅಕ್ಕತಂಗಿಯರ ಹಾಗೆ: ಒಂದರ ಕೊನೆ ಹದಿನೇಳು, ಇನ್ನೊಂದರ ಕೊನೆ ಎಪ್ಪತ್ತೊಂದು. ಲೆಕ್ಕ ನೋಡುವ ಅಧಿಕಾರ ಅವನಿಗೆ ಇರಲಿಲ್ಲ. ಆದರೂ ಇಪ್ಪತ್ತೆರಡು ವರ್ಷದ ಕಣ್ಣು ತಾನಾಗಿ ಕೊನೆಯ ಹಾಳೆಗೆ ಹೋಯಿತು. ಎಪ್ಪತ್ತೊಂದು ಇನ್ನೂ ಎಳೆಯದು, ಆರು ಸಾವಿರ ಸೈಕಲ್ ಚಿಲ್ಲರೆ. ಹದಿನೇಳು ಮಾತ್ರ ಹದಿನೈದು ಸಾವಿರ ಮುಟ್ಟಿತ್ತು. ಅದರ ಕತೆ ಮುಗಿದಿತ್ತು. ಎಂದಿನಂತೆ ಅದನ್ನು ಬದಿಗೆ ಸರಿಸಿ, ಎಂದಿನಂತೆ ಪೇಪರಿಗೆ ಪಿನ್ ಹಾಕಲು ಕೂತ.

ಎರಡು ಕಡತ, ಎರಡೆರಡು ಹಾಳೆ. ಮೊದಲ ಹಾಳೆಯಲ್ಲಿ ನಂಬರು, ಎರಡನೆಯದರಲ್ಲಿ ಬರೀ ಮೊತ್ತ. ಪಿನ್ ಕೈಯಲ್ಲೇ ಉಳಿಯಿತು.

ಯೋಜನೆ ಪೂರ್ತಿಯಾಗಿ, ಒಂದೇ ಏಟಿಗೆ ಬಂತು. ಅದಕ್ಕೇ ಅವನಿಗೆ ಅದರ ಮೇಲೆ ಗೌರವ ಹುಟ್ಟಿತು. ಎರಡನೆಯ ಹಾಳೆಗಳನ್ನು ಅದಲುಬದಲು ಮಾಡಿ ಪಿನ್ ಹಾಕುವುದು. ವಸಂತ್ ಕೊನೆಯ ಹಾಳೆ ನೋಡಿ, ಸತ್ತ ಹದಿನೇಳಕ್ಕೆ ಹಳದಿ ಚೀಟಿ, ಬದುಕಿದ ಎಪ್ಪತ್ತೊಂದಕ್ಕೆ ಕೆಂಪು ಚೀಟಿ ಒತ್ತುತ್ತಾನೆ. ಅವನು ಚಹಾಕ್ಕೆ ಎದ್ದಾಗ ಹಾಳೆಗಳನ್ನು ಮತ್ತೆ ಅವುಗಳ ಜಾಗಕ್ಕೆ ಸೇರಿಸುವುದು. ಆಮೇಲೆ ಯಾರು ಕಡತ ತೆಗೆದರೂ ಕಾಣುವುದು ಇಷ್ಟೇ: ಸರಿಯಾದ ಹಾಳೆ ಕಣ್ಣ ಮುಂದೆಯೇ ಇತ್ತು, ಹದಿನೇಳು ಎಪ್ಪತ್ತೊಂದಾಗಿ ಕಂಡು ವಸಂತ್ ಎಡವಿದ. ಒಂದು ಅಕ್ಷರ ತಿದ್ದಬೇಕಿಲ್ಲ, ಒಂದು ಸಹಿ ಕದಿಯಬೇಕಿಲ್ಲ.

ಯಾರಿಗೂ ಅಪಾಯವಿಲ್ಲ. ಇದನ್ನು ಅವನು ಮತ್ತೆ ಮತ್ತೆ ತೂಗಿ ನೋಡಿದ. ಹೈದರಾಬಾದಿನ ಎಂಜಿನ್ ಶಾಪಿನವರು ಈ ಡಿಸ್ಕನ್ನು ಕೇಳಿದ್ದು ದಾಸ್ತಾನಿಗೆ, ನವೆಂಬರಿನಲ್ಲಿ ಜೋಡಿಸುವ ಎಂಜಿನ್ನಿಗೆ. ಲಕ್ಷ್ಮಣತೀರ್ಥದಲ್ಲಿ ಕಡತಗಳ ವರ್ಷದ ತಾಳೆ ನಡೆಯುವುದು ಆಯುಧಪೂಜೆಯ ಹಿಂದಿನ ವಾರ. ಹಳೇ ಕಡತ ಎತ್ತಿ ಇಡುವ ಕೆಲಸ ಹೇಗೂ ತನ್ನದೇ. ಆಗ ತಾನೇ ಕಂಡುಹಿಡಿಯುವುದು. ಕಾಂತರಾಜರ ಕೋಣೆಗೆ ಓಡುವುದಿಲ್ಲ, ಮೆಲ್ಲಗೆ ಹೋಗುವುದು. “ಸಾರ್, ಒಂದ್ ಎಡವಟ್ಟಾದಂಗೈತೆ, ನೀವೇ ಒಸಿ ನೋಡಿ. ಲೆಕ್ಕ ನೋಡೋ ಅಧಿಕಾರ ನಂಗಿಲ್ಲ.” ಆ ಕೊನೆಯ ಮಾತನ್ನು ಬಸ್ಸಿನಲ್ಲಿ, ಸ್ನಾನದಲ್ಲಿ, ಎಲೆ ಮುಂದೆ ಕೂತಾಗ ತುಟಿಯಲ್ಲೇ ಆಡಿ ನೋಡಿದ. ಹೈದರಾಬಾದಿಗೆ ಫೋನ್ ಹೋಗುತ್ತದೆ, ಡಿಸ್ಕು ವಾಪಸು ಬರುತ್ತದೆ. ಇನ್ನೂರು ಜನರ ಜೀವ ಉಳಿಸಿದವನು ಐಟಿಐ ನಂಜುಂಡೇಶ. ಆಡಿಟ್‌ನವರೇ ಬಂದು ಸೀಲನ್ನು ಅವನ ಕೈಗಿಡಬೇಕು.

ತನ್ನ ಮೇಲೆ ಅನುಮಾನ ಬಂದರೆ? ಕಾಂತರಾಜ್ ಕೊಟ್ಟ ಆದೇಶವೇ ಅವನ ಕವಚ. ಲೆಕ್ಕ ನೋಡಬೇಡ ಎಂದು ಬರೆದು ಕೊಟ್ಟಿದ್ದಾರೆ, ಅವನು ನೋಡಿಲ್ಲ. ಯಾವುದು ಸತ್ತದ್ದು, ಯಾವುದು ಬದುಕಿದ್ದು ಎಂದು ಅವನಿಗೆ ಹೇಗೆ ಗೊತ್ತು?

ಬುಧವಾರ ಹಾಳೆ ಬದಲಿಸಿದ. ವಸಂತ್ ಎದ್ದು ನಿಂತು ಕಡತ ತೆಗೆದುಕೊಂಡ. ಸೀಲು ಎರಡು ಸಲ ಬಿತ್ತು.

“ಅಣ್ಣ, ನಮ್ಮಪ್ಪ ಬಂದವ್ರೆ. ನಿಮ್ಮನ್ನ ನೋಡ್ಬೇಕಂತೆ,” ಎಂದ ವಸಂತ್.

ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ದೊಡ್ಡಬೀರಯ್ಯ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕಾಲ ಬಳಿ ಒಂದು ಚೀಲ. ಹಂಪಾಪುರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದ.

“ಏನಿಲ್ಲ ಸ್ವಾಮಿ, ವಸಿ ಉರಳಿಕಾಳು ತಂದಿವ್ನಿ. ನಮ್ ಐದ ಅಗ್ಲೂ ರಾತ್ರೆ ನಿಮ್ದೇ ಮಾತು. ನಂಜುಂಡಣ್ಣ ಅಂಗಂದ್ರು, ನಂಜುಂಡಣ್ಣ ಇಂಗಂದ್ರು.”

“ಒಳ್ಳೆ ಹುಡ್ಗ ಕಣಯ್ಯ,” ಎಂದ ನಂಜುಂಡೇಶ. ಅದು ಸುಳ್ಳಾಗಿರಲಿಲ್ಲ.

“ಆ ಸೀಲು ನಿಮ್ದಾಗಿತ್ತಂತೆ. ಅವ್ನು ಅದುನ್ನ ಮನ್ಗೆ ತಂದಾಗ ನಾನು ಬೈದೆ. ದೊಡ್ಡೋರ ಕೈದು ಕಿತ್ಕೊಂಡ್ ಉದ್ದಾರ ಆದೀಯೇನ್ಲಾ ಅಂದೆ. ಅವ್ರೇ ಎದ್ರುಗ್ ನಿಂತು ಕಲಿಸ್ತಾವ್ರೆ ಕಣಪ್ಪಾ ಅಂದ. ಅದುಕ್ಕೇ ಕೈ ಮುಗ್ಯವ ಅಂತ ಬಂದೆ.”

ಮುಗಿದೇಬಿಟ್ಟ. ಆ ಕೈಗಳನ್ನು ನೋಡದೆ ನಂಜುಂಡೇಶ ಚೀಲದ ಬಾಯಿ ನೋಡಿದ. ಈಗಲೂ ಒಳಗೆ ಹೋಗಿ, “ವಸಂತ, ಹಾಳೆ ಹಿಂದುಮುಂದಾಗೈತೆ ನೋಡು,” ಎಂದರೆ ಮುಗಿಯಿತು ಎಂದು ಅವನಿಗೆ ತಿಳಿದಿತ್ತು. ಅದು ತಿಳಿದಿರುವುದೇ ತಾನು ಕೆಟ್ಟವನಲ್ಲ ಎಂಬುದಕ್ಕೆ ಸಾಕ್ಷಿ ಎಂದು ಸಮಾಧಾನ ಮಾಡಿಕೊಂಡ. ಹುಡುಗನಿಗೆ ಜೈಲಾಗುವುದಿಲ್ಲ. ಸೀಲು ಹೋಗುತ್ತದೆ, ಕೆಲಸ ಹೋಗುತ್ತದೆ, ಅಷ್ಟೆ. ಇನ್ನೂ ಇಪ್ಪತ್ತಾರು, ಮುಂದೆ ಬೇಕಾದಷ್ಟು ಸೈಕಲ್ ಇದೆ. ಹುರುಳಿಕಾಳು ಹೊತ್ತುಕೊಂಡು ಒಳಗೆ ಬಂದ. ಅಪ್ಪ ಮಗ ಮರದ ಕೆಳಗೆ ಮಾತಾಡುತ್ತಿರುವಾಗಲೇ ಹಾಳೆಗಳನ್ನು ಅವುಗಳ ಜಾಗಕ್ಕೆ ಸೇರಿಸಿ ಪಿನ್ ಒತ್ತಿದ. ಮೊದಲಿನ ಎರಡು ತೂತಿನಲ್ಲೇ ಪಿನ್ ಹೋಗುವಂತೆ ನೋಡಿಕೊಂಡ. ಇಂಥ ಸಣ್ಣದನ್ನೂ ಬಿಡದ ತನ್ನ ಬಗ್ಗೆ ಅವನಿಗೆ ಹಳೆಯ ಹೆಮ್ಮೆ ಒಂದಿಷ್ಟು ಮರಳಿತು.

ಹದಿನೇಳನ್ನು ಪ್ಯಾಕಿಂಗಿನವರು ಕಾಗದ ಸುತ್ತಿ, ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದರು. ಅದರ ಮೇಲೆ ಹಳದಿ ಚೀಟಿ.

ಎಪ್ಪತ್ತೊಂದನ್ನು ಅವನೇ ಕೊಯ್ಯಬೇಕಿತ್ತು. ಶುಕ್ರವಾರ ಯಂತ್ರಕ್ಕೆ ಏರಿಸಿದ. ಸುಮಾರು ಒಂಬತ್ತು ಸಾವಿರ ಸಲ ಇನ್ನೂ ಆಕಾಶಕ್ಕೆ ಹೋಗಿಬರಬಹುದಾಗಿದ್ದ ಲೋಹ. ಸ್ವಿಚ್ಚಿಗೆ ಕೈ ಹಾಕುವಾಗ ತಿಮ್ಮಮ್ಮ ಪೊರಕೆ ಹಿಡಿದು ನಿಂತಿದ್ದಳು.

“ಯಾಕ್ರೀ, ಇದುಕ್ಕೆ ಬೊಟ್ಟು ಇಲ್ವಾ? ಇದೇನ್ ಪಾಪ ಮಾಡಿತ್ತು?”

ಅವನು ಸ್ವಿಚ್ಚಿನಿಂದ ಕೈ ತೆಗೆದ. “ಮರ್ತಿದ್ದೆ ಕಣವ್ವ,” ಎಂದು ಹೆಬ್ಬೆಟ್ಟು ಎಣ್ಣೆಗೆ ಅದ್ದಿದ, ಅರಿಶಿನಕ್ಕೆ ಒತ್ತಿದ, ಎಪ್ಪತ್ತೊಂದರ ಒಳಮೈಗೆ ಬೊಟ್ಟಿಟ್ಟ. ನಾಳೆ ಯಾರಾದರೂ ತಿಮ್ಮಮ್ಮನನ್ನು ಕೇಳಿದರೆ, ಆ ದಿನವೂ ಎಲ್ಲ ದಿನದ ಹಾಗೇ ಇತ್ತು ಎನ್ನುತ್ತಾಳೆ. ಅದೂ ಸರಿಹೋಯಿತು. ಯಂತ್ರ ಕಿರುಚಿತು. ನಾಲ್ಕು ತುಂಡು. ಕೊಯ್ದದ್ದನ್ನು ಬರೆಯುವ ಪುಸ್ತಕದಲ್ಲಿ ಸಹಿ ಮಾಡಿದ.

ಮುಂದಿನ ಎರಡು ವಾರ ಅವನು ಹಗುರವಾಗಿದ್ದ. ಸೀಲು ಹೋದ ವಿಷಯವನ್ನು ಪುಟ್ಟಿಗೆ ಹೇಳಿಬಿಟ್ಟ. ಆಯುಧಪೂಜೆ ಹೊತ್ತಿಗೆ ವಾಪಸು ಬರುತ್ತೆ ಎಂದೂ ಹೇಳಿದ. ಅವಳು ಬೆಂಕಿಪೊಟ್ಟಣವನ್ನು ಜೇಬಿನಿಂದ ತೆಗೆದು ಒಲೆಯ ಪಕ್ಕ ಇಟ್ಟಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹುಡುಗರಿಗೆ ಹಳೆಯ ಕತೆಗಳನ್ನು ಹೇಳಿ ನಗಿಸಿದ. ಅದರಲ್ಲಿ ನಂದಿತಾಳ ಕತೆಯೂ ಇತ್ತು. ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಬಂದು ಅವನ ಕೈಕೆಳಗೆ ಮೂರು ವರ್ಷ ಕಲಿತ ಹುಡುಗಿ. ಗೌರಿಹಬ್ಬದ ಮಾರನೆ ದಿನ ಅರಿಶಿನದ ಕೈಯಲ್ಲೇ ಡಿಸ್ಕು ಹಿಡಿದು, ಬಿರುಕು ಹುಡುಕುವ ಕತ್ತಲೆ ಕೋಣೆಗೆ ಹೋಗಿದ್ದಳು. ಬಿರುಕಿಗೆ ಇಳಿಯುವ ಹಸಿರೆಣ್ಣೆ ನೀಲಿ ದೀಪದಲ್ಲಿ ಹೊಳೆಯುವ ಹಾಗೆಯೇ ಅರಿಶಿನವೂ ಹೊಳೆಯುತ್ತದೆ. “ಬಿರುಕು ಸಾರ್, ಐದೈದು ಬಿರುಕು!” ಎಂದು ಕೂಗಿಕೊಂಡು ಹೊರಗೆ ಬಂದಿದ್ದಳು. ಐದು ಬೆರಳು. ಅವತ್ತೇ ನಂಜುಂಡೇಶ ಆ ಬಾಗಿಲಿಗೆ ‘ಅರಿಶಿನದ ಕೈ ಒಳಗೆ ಬೇಡ’ ಎಂದು ಬೋರ್ಡು ಬರೆದು ತೂಗುಹಾಕಿದ್ದು. ತೊಳೆದ ಮೇಲೆ ಎಲ್ಲರೂ ನೋಡುತ್ತಾರೆ, ನೀನು ತೊಳೆಯುವ ಮುಂಚೆಯೂ ಒಂದು ಸಲ ನೀಲಿ ದೀಪ ಹಾಕು, ಲೋಹ ಎಲ್ಲೆಲ್ಲಿ ಹೋಗಿಬಂತು ಎಂದು ಅದೇ ಹೇಳುತ್ತೆ ಎಂದು ಅವಳಿಗೆ ಕಲಿಸಿದ್ದೂ ಅವತ್ತೇ. ಹುಡುಗರು ನಕ್ಕರು. ವಸಂತ್ ಎಲ್ಲರಿಗಿಂತ ಜೋರಾಗಿ ನಕ್ಕ. ನಂದಿತಾ ಈಗ ಹೈದರಾಬಾದಿನ ಅದೇ ಶಾಪಿನಲ್ಲಿ ಬ್ಲೇಡ್ ವಿಭಾಗದಲ್ಲಿದ್ದಾಳೆ ಎಂದು ನಂಜುಂಡೇಶ ಹೆಮ್ಮೆಯಿಂದ ಹೇಳಿದ.

ಮೂರನೆಯ ವಾರದ ಮಂಗಳವಾರ ಅವಳ ಫೋನ್ ಬಂತು. ಕೊಯ್ಯುವ ಯಂತ್ರದ ಪಕ್ಕ ನಿಂತೇ ಎತ್ತಿದ. “ಸಾರ್, ನಾನು ನಂದಿತಾ. ಹೋದ್ ತಿಂಗ್ಳಿಂದ ನನ್ನ, ಬಂದ ಮಾಲು ಬಿಚ್ಚಿ ನೋಡೋ ರಿಸೀವಿಂಗ್‌ಗೆ ಹಾಕವ್ರೆ. ನಿಮ್ ಶಾಪಿಂದ ಡಿಸ್ಕ್ ಬಂತು ಅಂತ ಖುಷಿಯಾಗಿ ನಾನೇ ಬಿಚ್ಚಿದೆ. ನೀವ್ ಹೇಳ್ಕೊಟ್ಟಂಗೆ ತೊಳ್ಯೋ ಮುಂಚೇನೇ ನೀಲಿ ದೀಪ ಹಾಕ್ದೆ ಸಾರ್. ನಡುತೂತಿನ ಒಳ್ಗಡೆ ಅರಿಶಿನದ ಬೊಟ್ಟು! ಬೇರೆಯೋರಾಗಿದ್ರೆ ಕೊಳೆ ಅಂತ ತೊಳ್ದಾಕ್ಬುಡೋರು. ನಾನು ಅತ್ತೇಬುಟ್ಟೆ. ಸತ್ತಿದ್ದುಕ್ಕೆ ತಾನೇ ನೀವು ಬೊಟ್ಟಿಡೋದು? ಅಂದ್ರೆ ಇದು ಸತ್ತೈತೆ ಅಂತ ನೀವು ಮೊದ್ಲೇ ನೋಡಿದ್ರಿ, ಸೀಲ್ ಒತ್ದೋರು ನಿಮ್ ಮಾತು ಕೇಳಿಲ್ಲ. ಏರ್‌ಲೈನ್‌ನೋರತ್ರ ಸೈಕಲ್ ಕೇಳ್ದೆ, ಹದಿನೈದು ಸಾವ್ರ ಮುಗ್ದೈತೆ. ನಂಜುಂಡೇಶ್ ಸಾರ್‌ಗೆ ಗೊತ್ತಿತ್ತು, ಅವ್ರ ಗುರ್ತೇ ಸಾಕ್ಷಿ ಅಂತ ಬರ್ದು, ಫೋಟೊ ಹಚ್ಚಿ, ಮೇಲಿನೋರ್ಗೆ ಕಳ್ಸಿದೀನಿ. ನೀವೇ ಹೇಳ್ತಿದ್ರಲ್ಲ, ಮೊದ್ಲು ರಿಪೋರ್ಟು, ಆಮೇಲೆ ಫೋನು ಅಂತ.” ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಂಜುಂಡೇಶ ತನ್ನ ಬಲಗೈ ಹೆಬ್ಬೆಟ್ಟು ನೋಡುತ್ತಿದ್ದ. ಆ ಸೋಮವಾರ, ಹದಿನೇಳನ್ನು ಬದಿಗೆ ಸರಿಸುವ ಮುನ್ನ, ಯೋಜನೆ ಹುಟ್ಟುವ ಮುನ್ನ, ಎಂದಿನಂತೆ ಎಂದುಕೊಂಡ ಆ ಒಂದು ಗಳಿಗೆಯಲ್ಲಿ, ಲೆಕ್ಕ ನೋಡಿಯೇ ಇಲ್ಲ ಎನ್ನಬೇಕಿದ್ದವನ ಈ ಬೆರಳು ಎಣ್ಣೆಗೆ ಹೋಗಿತ್ತು, ಅರಿಶಿನಕ್ಕೆ ಹೋಗಿತ್ತು. “ಎಷ್ಟ್ ಚೆನ್ನಾಗ್ ಬಂದೈತೆ ಗೊತ್ತಾ ಸಾರ್,” ಎಂದಳು ನಂದಿತಾ, “ಗೆರೆ ಗೆರೆ ಎಣಿಸ್ಬೋದು, ಸೀಲ್ ಒತ್ದಂಗೈತೆ.”